ಅಮೆರಿಕದಲ್ಲಿ ಬೇಗ ನರ್ಸ್ ಆಗುವ ಕೋರ್ಸುಗಳು: ಯಾವುದು, ಎಷ್ಟು, ಯಾಕೆ

2025ರ ನವೆಂಬರ್‌ನಲ್ಲಿ ನನ್ನ ಫೋನಿಗೆ ಒಂದು ಫಾರ್ವರ್ಡ್ ಬಂತು. ‘ನರ್ಸಿಂಗ್ ಇನ್ಮೇಲೆ ಪ್ರೊಫೆಷನಲ್ ಡಿಗ್ರಿ ಅಲ್ಲವಂತೆ!’ ಕಳಿಸಿದವಳು ನ್ಯೂಜೆರ್ಸಿಯಲ್ಲಿರುವ ಗೆಳತಿ. ಹಾಸನದಲ್ಲಿ ಎಂಜಿನಿಯರಿಂಗ್ ಓದಿದವಳು. ಮದುವೆಯಾಗಿ ಅಮೆರಿಕಕ್ಕೆ ಹೋಗಿ ಹನ್ನೆರಡು ವರ್ಷ ಡಿಪೆಂಡೆಂಟ್ ವೀಸಾದಲ್ಲೇ ಕಳೆದಳು. ಈಗ ಗ್ರೀನ್ ಕಾರ್ಡ್ ಕೈಗೆ ಬಂದಿದೆ, ವಯಸ್ಸು 41. ಕಂಪ್ಯೂಟರ್ ಮುಂದೆ ಮತ್ತೆ ಕೂರುವ ಮನಸ್ಸಿಲ್ಲ. ನರ್ಸ್ ಆಗಬೇಕು ಅಂತ ಎರಡು ವರ್ಷದಿಂದ ಕಾಲೇಜುಗಳ ಪಟ್ಟಿ ಮಾಡುತ್ತಿದ್ದಾಳೆ. ಫಾರ್ವರ್ಡ್ ಕೆಳಗೆ ಒಂದೇ ಪ್ರಶ್ನೆ ಇತ್ತು: ‘ಈಗ ನಾನು ಬ್ಯಾಚುಲರ್ಸ್ ಮಾಡ್ಲಾ, ಮಾಸ್ಟರ್ಸ್ ಮಾಡ್ಲಾ?’

ಬೇರೆ ವಿಷಯದಲ್ಲಿ ಡಿಗ್ರಿ ಮುಗಿಸಿ ನಡುವಯಸ್ಸಿನಲ್ಲಿ ನರ್ಸಿಂಗ್ ಕಡೆ ತಿರುಗುವವರು ಅಮೆರಿಕದಲ್ಲಿ ಹೊಸಬರೇನಲ್ಲ. ಅಂಥವರಿಗೆಂದೇ ಒಂದು ವರ್ಷದಿಂದ ಎರಡು ವರ್ಷದೊಳಗೆ ಮುಗಿಯುವ ವೇಗದ ಕೋರ್ಸುಗಳಿವೆ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ ಇಂಥ ಕೋರ್ಸನ್ನು 1971ರಲ್ಲೇ ಶುರು ಮಾಡಿತ್ತು. ಆದರೆ ಈ ಕೋರ್ಸುಗಳ ಹೆಸರುಗಳು ಒಂದರ ಹಾಗೆ ಇನ್ನೊಂದು ಕೇಳಿಸುತ್ತವೆ. ಫೀಸು ಮಾತ್ರ ಆಕಾಶ ಪಾತಾಳ. ಅದರ ಮೇಲೆ ಈಗ ಸಾಲದ ನಿಯಮವೂ ಬದಲಾಗಿದೆ. ಹಾಗಾಗಿ ಬುಡದಿಂದಲೇ ನೋಡೋಣ.

ಬಸ್ಸು ಯಾವುದಾದರೂ ಇಳಿಯುವುದು ಮೆಜೆಸ್ಟಿಕ್‌ನಲ್ಲೇ

ಮೈಸೂರಿನಿಂದ ಬೆಂಗಳೂರಿಗೆ ಕೆಂಪು ಬಸ್ಸಿನಲ್ಲಿ ಬರಬಹುದು, ಐರಾವತದಲ್ಲೂ ಬರಬಹುದು. ಸೀಟು ಬೇರೆ, ಟಿಕೆಟ್ ದರ ಬೇರೆ. ಇಳಿದ ಮೇಲೆ ನೀವು ಯಾವುದರಲ್ಲಿ ಬಂದಿರಿ ಅಂತ ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ನರ್ಸ್ ಆಗುವುದೂ ಹೆಚ್ಚುಕಮ್ಮಿ ಹೀಗೇ. ಕೊನೆಗೆ ಬೇಕಾಗಿರುವುದು ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಲೈಸೆನ್ಸ್. ಅದನ್ನು ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಬೋರ್ಡ್. ಅದಕ್ಕೆ ಎನ್‌ಕ್ಲೆಕ್ಸ್-ಆರ್‌ಎನ್ ಎಂಬ ಒಂದೇ ಪರೀಕ್ಷೆ. ನೋಂದಣಿ ಶುಲ್ಕ 200 ಡಾಲರ್, ರಾಜ್ಯದ ಬೋರ್ಡಿನ ಶುಲ್ಕ ಬೇರೆ. ಐದು ಗಂಟೆಯ ಮಿತಿ. ಕಂಪ್ಯೂಟರ್ ನಿಮ್ಮ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಆರಿಸುತ್ತದೆ. ಕನಿಷ್ಠ 85 ಪ್ರಶ್ನೆ, ಹೆಚ್ಚೆಂದರೆ 150. ಎರಡು ವರ್ಷದ ಡಿಪ್ಲೊಮಾ ಮಟ್ಟದ ಕೋರ್ಸು ಮಾಡಿದವರೂ, ದೊಡ್ಡ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಮಾಡಿದವರೂ ಬರೆಯುವುದು ಇದನ್ನೇ. ಸಿಗುವುದೂ ಅದೇ ಲೈಸೆನ್ಸ್.

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಯಾವ ಕೋರ್ಸಿಗೆ ಎಷ್ಟು ಕೊಡಬಹುದು ಎಂಬ ಲೆಕ್ಕವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

(ಕರ್ನಾಟಕದಲ್ಲಿ ಈಗಾಗಲೇ ಬಿಎಸ್ಸಿ ನರ್ಸಿಂಗ್ ಮಾಡಿದವರಿಗೆ ಈ ಕೋರ್ಸುಗಳು ಬೇಕಿಲ್ಲ. ಅವರು ಅಂಕಪಟ್ಟಿಗಳ ತಪಾಸಣೆ ಮಾಡಿಸಿ ನೇರವಾಗಿ ಎನ್‌ಕ್ಲೆಕ್ಸ್ ಬರೆಯಬಹುದು. ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರವಿದೆ.)

ದಾರಿಗಳು ಮೂರು, ಅಡ್ಡಹೆಸರುಗಳು ಹತ್ತಾರು

ಬೇರೆ ಡಿಗ್ರಿ ಇರುವವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಎಡಿಎನ್. ಕಮ್ಯುನಿಟಿ ಕಾಲೇಜುಗಳಲ್ಲಿ ನಡೆಯುವ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ನಮ್ಮೂರ ಸರ್ಕಾರಿ ಕಾಲೇಜಿನ ಹಾಗೆ, ಫೀಸು ಕಮ್ಮಿ, ಸೀಟಿಗೆ ನೂಕುನುಗ್ಗಲು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಆ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಓದಿನ ಪ್ರಮಾಣ ಅಳೆಯುವ ಲೆಕ್ಕ, ಇದನ್ನೇ ಕ್ರೆಡಿಟ್ ಅಂತಲೂ ಅನ್ನುತ್ತಾರೆ) 46 ಡಾಲರ್. ಕೋರ್ಸು 70 ಯೂನಿಟ್ ಅಂದುಕೊಂಡರೂ ಮುಖ್ಯ ಶುಲ್ಕ 3,220 ಡಾಲರ್‌ಗೆ ಮುಗಿಯಿತು. ಇಷ್ಟು ಅಗ್ಗ ಆಗಿರುವುದರಿಂದಲೇ ಹಲವು ಕಡೆ ಲಾಟರಿ, ಕಾಯುವ ಪಟ್ಟಿ ಎಲ್ಲ ಇದೆ. ಮತ್ತೊಂದು ಕೊರತೆ, ದೊಡ್ಡ ಆಸ್ಪತ್ರೆಗಳು ಬ್ಯಾಚುಲರ್ಸ್ ಇರುವವರನ್ನೇ ಮೊದಲು ಕರೆಯುತ್ತವೆ. ನ್ಯೂಯಾರ್ಕ್ ರಾಜ್ಯವಂತೂ 2017ರ ಕೊನೆಯಲ್ಲಿ ಕಾನೂನನ್ನೇ ತಂದಿತು: ಹೊಸದಾಗಿ ಆರ್‌ಎನ್ ಆಗುವವರು ಹತ್ತು ವರ್ಷದೊಳಗೆ ನರ್ಸಿಂಗ್‌ನಲ್ಲಿ ಬ್ಯಾಚುಲರ್ಸ್ ಮುಗಿಸಬೇಕು.

ಎರಡನೆಯದು ಎಬಿಎಸ್‌ಎನ್. ಎ ಅಂದರೆ ಆ್ಯಕ್ಸಲರೇಟೆಡ್, ಬಿಎಸ್‌ಎನ್ ಅಂದರೆ ನರ್ಸಿಂಗ್ ಬ್ಯಾಚುಲರ್ಸ್. ನಾಲ್ಕು ವರ್ಷದ ನರ್ಸಿಂಗ್ ಬ್ಯಾಚುಲರ್ಸ್‌ನಿಂದ ಇಂಗ್ಲಿಷು, ಇತಿಹಾಸದಂಥ ಸಾಮಾನ್ಯ ವಿಷಯಗಳನ್ನು ಕಳೆದು ಬರೀ ನರ್ಸಿಂಗ್ ಭಾಗವನ್ನು 12ರಿಂದ 18 ತಿಂಗಳಲ್ಲಿ ಮುಗಿಸುತ್ತಾರೆ. ಬೇಸಿಗೆ ರಜೆ ಇಲ್ಲ. ಕೈಗೆ ಬರುವುದು ಎರಡನೇ ಬ್ಯಾಚುಲರ್ಸ್ ಡಿಗ್ರಿ.

ಮೂರನೆಯದು ಡೈರೆಕ್ಟ್ ಎಂಟ್ರಿ ಎಂಎಸ್‌ಎನ್. ನರ್ಸಿಂಗ್ ಗಂಧಗಾಳಿ ಇಲ್ಲದವರನ್ನು ನೇರವಾಗಿ ಮಾಸ್ಟರ್ಸ್‌ಗೆ ಸೇರಿಸಿಕೊಳ್ಳುವ ಕೋರ್ಸು. ಇದಕ್ಕೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ಹೆಸರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಮತ್ತು ಅರ್ವೈನ್‌ ಕ್ಯಾಂಪಸ್‌ಗಳಲ್ಲಿ ಎಂಇಪಿಎನ್, ಲಾಸ್ ಏಂಜಲೀಸ್‌ನಲ್ಲಿ ಎಂಇಸಿಎನ್, ಶಿಕಾಗೊದ ರಷ್ ವಿಶ್ವವಿದ್ಯಾಲಯದಲ್ಲಿ ಜಿಇಎಂ, ಕೊಲಂಬಿಯಾದಲ್ಲಿ ಎಂಡಿಇ. ಜಾನ್ಸ್ ಹಾಪ್ಕಿನ್ಸ್ ತನ್ನ ಬ್ಯಾಚುಲರ್ಸ್ ಕೋರ್ಸನ್ನೇ ನಿಲ್ಲಿಸಿ, ಹೊಸಬರಿಗೆ ಐದು ಸೆಮಿಸ್ಟರಿನ ಮಾಸ್ಟರ್ಸ್ ಮಾತ್ರ ಇಟ್ಟುಕೊಂಡಿದೆ. ಅವಧಿ ಸಾಮಾನ್ಯವಾಗಿ 15ರಿಂದ 24 ತಿಂಗಳು.

ಯೇಲ್ ವಿಶ್ವವಿದ್ಯಾಲಯದ ಒಂದು ಕೋರ್ಸು ಇವೆಲ್ಲಕ್ಕಿಂತ ಸ್ವಲ್ಪ ಬೇರೆ. ಅದು ಮೂರು ವರ್ಷದ್ದು. ಮೊದಲ ಹಂತದಲ್ಲಿ ಆರ್‌ಎನ್, ಉಳಿದದ್ದರಲ್ಲಿ ಒಂದು ವಿಶೇಷ ವಿಭಾಗದ ತರಬೇತಿ. ಈ ವ್ಯತ್ಯಾಸ ಯಾಕೆ ಮುಖ್ಯ ಅನ್ನುವುದು ಮುಂದಿನ ಭಾಗದಲ್ಲಿದೆ. ಜಾಸ್ತಿ ಜನ ಎಡವುವುದು ಅಲ್ಲೇ.

ಮಾಸ್ಟರ್ಸ್ ಅಂದ ಮಾತ್ರಕ್ಕೆ ನರ್ಸ್ ಪ್ರಾಕ್ಟಿಷನರ್ ಅಲ್ಲ

ಅಮೆರಿಕದಲ್ಲಿ ಕ್ಲಿನಿಕ್‌ಗೆ ಹೋದಾಗ ಡಾಕ್ಟರ್ ಬದಲು ಒಬ್ಬರು ಬಂದು ಪರೀಕ್ಷೆ ಮಾಡಿ ಔಷಧಿ ಬರೆದುಕೊಡುತ್ತಾರಲ್ಲ, ಬಹಳ ಸಲ ಅವರು ನರ್ಸ್ ಪ್ರಾಕ್ಟಿಷನರ್ ಆಗಿರುತ್ತಾರೆ. ಚಿಕ್ಕದಾಗಿ ಎನ್‌ಪಿ. ಎನ್‌ಪಿ ಆಗಲು ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಬೇಕು, ಜೊತೆಗೆ ಬೇರೆಯದೇ ಸರ್ಟಿಫಿಕೇಟ್ ಪರೀಕ್ಷೆ, ಬೇರೆಯದೇ ಲೈಸೆನ್ಸ್.

ಇದನ್ನು ಕೇಳಿದವರು ‘ಮಾಸ್ಟರ್ಸ್ ಮಾಡಿದರೆ ಎನ್‌ಪಿ ಆಗುತ್ತೇನೆ’ ಅಂದುಕೊಳ್ಳುತ್ತಾರೆ. ಹಾಗಲ್ಲ. ಬಹುತೇಕ ಡೈರೆಕ್ಟ್ ಎಂಟ್ರಿ ಮಾಸ್ಟರ್ಸ್ ಕೋರ್ಸುಗಳು ತಯಾರು ಮಾಡುವುದು ‘ಜನರಲಿಸ್ಟ್’, ಅಂದರೆ ಯಾವುದೇ ವಿಶೇಷ ವಿಭಾಗಕ್ಕೆ ಸೀಮಿತವಾಗದ ಸಾಮಾನ್ಯ ನರ್ಸ್‌ಗಳನ್ನು. ಕೆಲವು ಕಡೆ ಮುಗಿಸಿದವರು ಸಿಎನ್‌ಎಲ್, ಅಂದರೆ ಕ್ಲಿನಿಕಲ್ ನರ್ಸ್ ಲೀಡರ್ ಎಂಬ ಪ್ರಮಾಣಪತ್ರದ ಪರೀಕ್ಷೆ ಬರೆಯಬಹುದು. ವಾರ್ಡಿನ ಒಟ್ಟಾರೆ ಆರೈಕೆಯ ಗುಣಮಟ್ಟ ನೋಡಿಕೊಳ್ಳುವ ಪಾತ್ರ ಅದು. ಚೆನ್ನಾಗಿದೆ, ಆದರೆ ಸಿಎನ್‌ಎಲ್‌ಗೆ ಔಷಧಿ ಬರೆಯುವ ಅಧಿಕಾರ ಇಲ್ಲ.

ಹೀಗೆ ಮಾಸ್ಟರ್ಸ್ ಮುಗಿಸಿದವರು ಮೊದಲ ದಿನ ವಾರ್ಡಿಗೆ ಹೋದಾಗ ಪಕ್ಕದಲ್ಲಿ ಎಬಿಎಸ್‌ಎನ್ ಮಾಡಿದವರು ನಿಂತಿರುತ್ತಾರೆ. ಇಬ್ಬರಿಗೂ ಅದೇ ಯೂನಿಫಾರ್ಮ್, ಅದೇ ನಾಲ್ಕೈದು ರೋಗಿಗಳು, ಅದೇ ಹನ್ನೆರಡು ಗಂಟೆಯ ಶಿಫ್ಟ್. ಸಂಬಳವೂ ಸಾಮಾನ್ಯವಾಗಿ ಅಷ್ಟೇ, ಕೆಲವು ಆಸ್ಪತ್ರೆಗಳು ಮಾಸ್ಟರ್ಸ್‌ಗೆ ಗಂಟೆಗೆ ಒಂದೆರಡು ಡಾಲರ್ ಸೇರಿಸಬಹುದು. ಮುಂದೆ ಎನ್‌ಪಿ ಆಗಬೇಕೆಂದರೆ ಇಬ್ಬರೂ ಮತ್ತೆ ಕಾಲೇಜಿಗೆ ಹೋಗಬೇಕು. ಜನರಲಿಸ್ಟ್ ಮಾಸ್ಟರ್ಸ್ ಇರುವವರು ಪೋಸ್ಟ್ ಮಾಸ್ಟರ್ಸ್ ಸರ್ಟಿಫಿಕೇಟ್ ಅಥವಾ ಡಿಎನ್‌ಪಿ ಡಾಕ್ಟರೇಟ್ ಮಾಡುತ್ತಾರೆ. ಅವರಿಗೆ ಒಂದಷ್ಟು ವಿಷಯಗಳು ಮೊದಲೇ ಮುಗಿದಿರುತ್ತವೆ, ಆ ಲಾಭ ಇದೆ. ಎಬಿಎಸ್‌ಎನ್ ಮಾಡಿದವರು ಕೆಲಸ ಮಾಡುತ್ತಲೇ ಎನ್‌ಪಿ ಮಾಸ್ಟರ್ಸ್ ಮಾಡುತ್ತಾರೆ, ಎಷ್ಟೋ ಸಲ ಆಸ್ಪತ್ರೆಯೇ ಒಂದಷ್ಟು ಫೀಸು ಕಟ್ಟುತ್ತದೆ.

ಹಾಗಾದರೆ ಮಾಸ್ಟರ್ಸ್ ಯಾರಿಗೆ? ಬೋಧನೆ, ಆಡಳಿತ, ಸಂಶೋಧನೆ ಕಡೆ ಹೋಗುವ ಯೋಚನೆ ಸ್ಪಷ್ಟವಾಗಿ ಇರುವವರಿಗೆ ಪ್ರಯೋಜನವಿದೆ. ಯೇಲ್ ಮಾದರಿಯ, ಎನ್‌ಪಿವರೆಗೂ ಒಂದೇ ಉಸಿರಿನಲ್ಲಿ ಕರೆದೊಯ್ಯುವ ಕೋರ್ಸಾದರೆ ಅದರ ಲೆಕ್ಕವೇ ಬೇರೆ. ಇನ್ನು ಕೆಲವರು ಮನೆಗೆ ಹತ್ತಿರವಿರುವ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇರುವುದೇ ಮಾಸ್ಟರ್ಸ್ ಅಂತ ಅದನ್ನು ಸೇರುತ್ತಾರೆ. ಅದೂ ಸರಿಯೇ. ಕೋರ್ಸಿನ ಪುಟದಲ್ಲಿ ‘ಮಾಸ್ಟರ್ಸ್’ ಎಂಬ ದೊಡ್ಡಕ್ಷರ ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ: ಮುಗಿಸಿದ ಮೇಲೆ ಯಾವ ಪರೀಕ್ಷೆಗೆ ಅರ್ಹರು? ಆರ್‌ಎನ್ ಮಾತ್ರವೋ, ಸಿಎನ್‌ಎಲ್ಲೋ, ಎನ್‌ಪಿಯೋ?

ಕೋರ್ಸಿಗೆ ಮುಂಚಿನ ಕೋರ್ಸು

‘12 ತಿಂಗಳಲ್ಲಿ ನರ್ಸ್ ಆಗಿ’ ಅನ್ನುವ ಜಾಹೀರಾತು ಸುಳ್ಳಲ್ಲ. ಆದರೆ ಆ 12 ತಿಂಗಳು ಶುರುವಾಗುವ ಮುಂಚೆ ಪ್ರೀರಿಕ್ವಿಸಿಟ್ ಎಂಬ ವಿಷಯಗಳನ್ನು ಮುಗಿಸಿರಬೇಕು. ಅನಾಟಮಿ, ಫಿಸಿಯಾಲಜಿ, ಮೈಕ್ರೊಬಯಾಲಜಿ, ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಪೌಷ್ಟಿಕತೆ, ಬೆಳವಣಿಗೆಯ ಮನಶ್ಶಾಸ್ತ್ರ. ಪಟ್ಟಿ ಕಾಲೇಜಿನಿಂದ ಕಾಲೇಜಿಗೆ ಒಂಚೂರು ಬದಲಾಗುತ್ತದೆ. ಪಿಯುಸಿಯಲ್ಲಿ ಕಪ್ಪೆ ಕೊಯ್ದದ್ದು ಇಲ್ಲಿ ಲೆಕ್ಕಕ್ಕಿಲ್ಲ. ಡಿಗ್ರಿಯಲ್ಲಿ ಓದಿದ್ದರೂ ಹಲವು ಕಾಲೇಜುಗಳು ಐದು ಅಥವಾ ಏಳು ವರ್ಷದ ಹಿಂದಿನ ವಿಜ್ಞಾನದ ಅಂಕಗಳನ್ನು ಒಪ್ಪುವುದಿಲ್ಲ.

ಏನೂ ಇಲ್ಲದೆ ಶುರು ಮಾಡುವವರಿಗೆ ಇದಕ್ಕೇ ಒಂದು ವರ್ಷ ಹಿಡಿಯಬಹುದು. ಒಳ್ಳೆಯ ಸುದ್ದಿ ಏನೆಂದರೆ ಇವನ್ನೆಲ್ಲ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ದುಡ್ಡಿಗೆ ಮುಗಿಸಬಹುದು. ಅದೇ ಅನಾಟಮಿಯನ್ನು ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದಿದರೆ ಹತ್ತಾರು ಪಟ್ಟು ಬೆಲೆ, ಮೂಳೆಗಳು ಮಾತ್ರ 206 ಎರಡೂ ಕಡೆ.

ಭಾರತದ ಡಿಗ್ರಿ ಇರುವವರಿಗೆ ಇನ್ನೊಂದು ಮೆಟ್ಟಿಲು ಇದೆ. ಅಂಕಪಟ್ಟಿಗಳನ್ನು ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ವಿಷಯವಾರು ಮೌಲ್ಯಮಾಪನ ಮಾಡಿಸಬೇಕು. ಬಿಇಯಂಥ ನಾಲ್ಕು ವರ್ಷದ ಡಿಗ್ರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮೂರು ವರ್ಷದ ಬಿಎ, ಬಿಕಾಂ, ಬಿಎಸ್ಸಿಯನ್ನು ಕೆಲವು ವಿಶ್ವವಿದ್ಯಾಲಯಗಳು ಅಮೆರಿಕದ ಬ್ಯಾಚುಲರ್ಸ್‌ಗೆ ಸಮ ಎಂದು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಪ್ರೀರಿಕ್ವಿಸಿಟ್‌ಗೆ ಒಂದು ವರ್ಷ ಸುರಿಯುವ ಮುಂಚೆಯೇ ಇದನ್ನು ಇಮೇಲ್‌ನಲ್ಲಿ ಕೇಳಿ ಬರಹದಲ್ಲಿ ಉತ್ತರ ಪಡೆಯುವುದು ವಾಸಿ.

ಬಿಲ್ಲಿನಲ್ಲಿ ಕಾಣುವ ಖರ್ಚು, ಕಾಣದ ಖರ್ಚು

ಕಾಲೇಜುಗಳು ದರವನ್ನು ‘ಒಂದು ಕ್ರೆಡಿಟ್‌ಗೆ ಇಷ್ಟು’ ಎಂದು ಹೇಳುತ್ತವೆ. ಸೀರೆ ಅಂಗಡಿಯಲ್ಲಿ ಮೀಟರ್ ಲೆಕ್ಕ ಹೇಳಿದ ಹಾಗೆ. ಸೀರೆ ಎಷ್ಟು ಉದ್ದ ಅನ್ನುವುದನ್ನು ನಾವೇ ಕೇಳಬೇಕು. 60 ಕ್ರೆಡಿಟ್‌ನ ಕೋರ್ಸಿಗೂ 75 ಕ್ರೆಡಿಟ್‌ನ ಕೋರ್ಸಿಗೂ ಕ್ರೆಡಿಟ್ ದರ ಒಂದೇ ಇದ್ದರೂ ಒಟ್ಟು ಮೊತ್ತ ಕಾಲು ಭಾಗ ಏರುತ್ತದೆ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಮಾಸ್ಟರ್ಸ್ ಕೋರ್ಸುಗಳು ಮನೆಬಾಡಿಗೆ, ಊಟ ಎಲ್ಲ ಸೇರಿದರೆ 1 ಲಕ್ಷ ಡಾಲರ್ ದಾಟುವುದು ಮಾಮೂಲಿ.

ಅದರ ಮೇಲೆ ಲ್ಯಾಬ್ ಶುಲ್ಕ, ಯೂನಿಫಾರ್ಮ್, ಸ್ಟೆತಸ್ಕೋಪ್, ಸಿಪಿಆರ್ ಕಾರ್ಡು, ಹಿನ್ನೆಲೆ ತಪಾಸಣೆ, ಡ್ರಗ್ ಟೆಸ್ಟ್, ಲಸಿಕೆ ಹಾಕಿಸಿಕೊಂಡದ್ದಕ್ಕೆ ರಕ್ತಪರೀಕ್ಷೆಯ ಪುರಾವೆ, ಎನ್‌ಕ್ಲೆಕ್ಸ್ ತಯಾರಿಯ ಆನ್‌ಲೈನ್ ಪ್ಯಾಕೇಜು. ಒಂದೊಂದೂ ಸಣ್ಣದು. ಒಟ್ಟು ಸೇರಿದಾಗ ಸಾವಿರ ಡಾಲರ್‌ಗಳಲ್ಲಿ ಎಣಿಸಬೇಕಾಗುತ್ತದೆ.

ಬಿಲ್ಲಿನಲ್ಲಿ ಬರದೇ ಇರುವ ದೊಡ್ಡ ಖರ್ಚು ಎಂದರೆ ದುಡಿಯದೇ ಕಳೆದ ತಿಂಗಳುಗಳು. ಈ ಕೋರ್ಸುಗಳ ಜೊತೆ ಪೂರ್ಣಾವಧಿ ಕೆಲಸ ಮಾಡಲು ಆಗುವುದಿಲ್ಲ, ಕಾಲೇಜುಗಳೇ ಬೇಡ ಅನ್ನುತ್ತವೆ. ಗೆಳತಿ ಮತ್ತು ನಾನು ಫೋನಿನಲ್ಲೇ ಕೂತು ಒಂದು ಲೆಕ್ಕ ಹಾಕಿದೆವು. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಕಾಲೇಜಿನದನ್ನು ಹಾಕಿ ನೋಡಿ.

ಎಬಿಎಸ್‌ಎನ್: 15 ತಿಂಗಳು, ಒಟ್ಟು ಫೀಸು 50,000 ಡಾಲರ್.
ಮಾಸ್ಟರ್ಸ್: 20 ತಿಂಗಳು, ಒಟ್ಟು ಫೀಸು 85,000 ಡಾಲರ್.

ಮೇಲ್ನೋಟಕ್ಕೆ ವ್ಯತ್ಯಾಸ 35,000. ಆದರೆ ಎಬಿಎಸ್‌ಎನ್ ಮಾಡಿದವರು ಐದು ತಿಂಗಳು ಮುಂಚೆ ಕೆಲಸಕ್ಕೆ ಸೇರುತ್ತಾರೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರಕಾರ 2024ರ ಮೇ ತಿಂಗಳಲ್ಲಿ ಆರ್‌ಎನ್‌ಗಳ ಮಧ್ಯಮ ವಾರ್ಷಿಕ ಸಂಬಳ 93,600 ಡಾಲರ್, ಅಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತ ಜಾಸ್ತಿ, ಅರ್ಧದಷ್ಟು ಜನರಿಗೆ ಕಮ್ಮಿ. ಹೊಸಬರಿಗೆ ಕಮ್ಮಿಯೇ ಇರುತ್ತದೆ, ತಿಂಗಳಿಗೆ 6,000 ಅಂತಿಟ್ಟುಕೊಂಡೆವು. ಐದು ತಿಂಗಳಿಗೆ 30,000. ಅಲ್ಲಿಗೆ ನಿಜವಾದ ವ್ಯತ್ಯಾಸ 65,000 ಡಾಲರ್ ಆಯಿತು. ಗೆಳತಿ ಆ ಕಡೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇದೇ ಲೆಕ್ಕ ಉಲ್ಟಾ ಹೊಡೆಯುವ ಸಂದರ್ಭವೂ ಇದೆ. ಎಡಿಎನ್ ಅಗ್ಗ ಅಂತ ಸೀಟಿಗಾಗಿ ಎರಡು ವರ್ಷ ಕಾದು, ಎರಡು ವರ್ಷ ಓದಿದರೆ, ಉಳಿಸಿದ ಫೀಸಿಗಿಂತ ಕಳೆದುಕೊಂಡ ಸಂಬಳವೇ ಜಾಸ್ತಿ ಆಗಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮತ್ತೊಂದು ಸಾಲು ಸೇರಿಸಿ: ಡೇಕೇರ್.

ಆ ಫಾರ್ವರ್ಡ್‌ನ ಅಸಲಿ ವಿಷಯ: ಸಾಲ

ಈಗ ‘ನರ್ಸಿಂಗ್ ಪ್ರೊಫೆಷನಲ್ ಅಲ್ಲ’ ಅನ್ನುವ ಮಾತಿಗೆ ಬರೋಣ. ಇದು ಮರ್ಯಾದೆಯ ಪಟ್ಟಿ ಅಲ್ಲ, ಸಾಲದ ಪಟ್ಟಿ. ನರ್ಸ್‌ಗಳ ಲೈಸೆನ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಅಮೆರಿಕದ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ನೇರವಾಗಿ ಸಾಲ ಕೊಡುತ್ತದೆ. ಮಾಸ್ಟರ್ಸ್ ಮತ್ತು ಅದಕ್ಕಿಂತ ಮೇಲಿನ ಓದಿಗೆ ಹೊಸ ನಿಯಮ ಬರುವವರೆಗೆ ಎರಡು ಜೇಬುಗಳಿದ್ದವು. ಒಂದು, ವರ್ಷಕ್ಕೆ 20,500 ಡಾಲರ್‌ವರೆಗಿನ ಸಾಮಾನ್ಯ ಸಾಲ. ಇನ್ನೊಂದು ಗ್ರ್ಯಾಡ್ ಪ್ಲಸ್. ಫೀಸು, ವಸತಿ, ಊಟ ಎಲ್ಲ ಸೇರಿ ಕಾಲೇಜು ಹೇಳಿದ ಒಟ್ಟು ಖರ್ಚಿನಲ್ಲಿ ಎಷ್ಟು ಬಾಕಿ ಉಳಿಯುತ್ತದೋ ಅಷ್ಟನ್ನೂ ಅದು ತುಂಬುತ್ತಿತ್ತು. ಮಾಸ್ಟರ್ಸ್ ದುಬಾರಿಯಾದರೂ ಜನ ಸೇರುತ್ತಿದ್ದುದಕ್ಕೆ ಈ ಎರಡನೇ ಜೇಬೇ ದೊಡ್ಡ ಕಾರಣ.

2025ರ ಜುಲೈ 4ರಂದು ಸಹಿಯಾದ ಕಾನೂನು ಗ್ರ್ಯಾಡ್ ಪ್ಲಸ್ ಸಾಲವನ್ನು ಹೊಸಬರಿಗೆ 2026ರ ಜುಲೈ 1ರಿಂದ ನಿಲ್ಲಿಸಿತು. ಅದರ ಜಾಗದಲ್ಲಿ ಎರಡು ಮಿತಿ ಇಟ್ಟಿತು. ಸಾಮಾನ್ಯ ಪದವಿಗಳಿಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ ಡಾಲರ್. ‘ಪ್ರೊಫೆಷನಲ್’ ಪದವಿಗಳಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ. ಯಾವುದು ಪ್ರೊಫೆಷನಲ್ ಎಂದು ತೀರ್ಮಾನಿಸಲು ಶಿಕ್ಷಣ ಇಲಾಖೆ ಕೂರಿಸಿದ ಸಮಿತಿ 2025ರ ನವೆಂಬರ್‌ನಲ್ಲಿ ಒಂದು ಕರಡಿಗೆ ಒಪ್ಪಿತು. ಅದರಲ್ಲಿ ವೈದ್ಯಕೀಯ, ದಂತವೈದ್ಯಕೀಯ, ಕಾನೂನು, ಫಾರ್ಮಸಿ, ಪಶುವೈದ್ಯಕೀಯ, ಕೈರೊಪ್ರಾಕ್ಟಿಕ್, ಧರ್ಮಶಾಸ್ತ್ರ ಕೂಡ ಇದ್ದವು. ನರ್ಸಿಂಗ್ ಇರಲಿಲ್ಲ. ಗಲಾಟೆ ಆಗಿದ್ದು ಇದಕ್ಕೇ.

ನಮ್ಮ ಉದಾಹರಣೆಗೆ ಹಚ್ಚಿ ನೋಡಿದರೆ, 85,000ದ ಮಾಸ್ಟರ್ಸ್‌ಗೆ ಕಡಿಮೆ ಮಿತಿಯಲ್ಲಿ ಎರಡು ವರ್ಷಕ್ಕೆ ಸಿಗುವುದು 41,000. ಉಳಿದ 44,000 ಕೈಯಿಂದ ಹಾಕಬೇಕು, ಇಲ್ಲವೇ ಖಾಸಗಿ ಬ್ಯಾಂಕಿನ ಸಾಲ ಎತ್ತಬೇಕು. ಬ್ಯಾಂಕು ಕ್ರೆಡಿಟ್ ಸ್ಕೋರ್ ನೋಡಿ, ಎಷ್ಟೋ ಸಲ ಜಾಮೀನುದಾರರನ್ನು ಕೇಳಿ ಕೊಡುತ್ತದೆ.

ಎಬಿಎಸ್‌ಎನ್ ಕಥೆ ಬೇರೆ. ಅದು ಬ್ಯಾಚುಲರ್ಸ್ ಮಟ್ಟದ್ದು, ಈ ಬದಲಾವಣೆ ಅದನ್ನು ಮುಟ್ಟಿಲ್ಲ. ಹಾಗಂತ ಅಲ್ಲಿ ಧಾರಾಳವಾಗಿಯೂ ಇಲ್ಲ. ಸ್ವತಂತ್ರ ವಿದ್ಯಾರ್ಥಿ ಎನಿಸಿಕೊಂಡವರಿಗೆ (ಮದುವೆಯಾದವರು, 24 ದಾಟಿದವರು ಈ ಗುಂಪಿಗೆ ಸೇರುತ್ತಾರೆ) ವರ್ಷಕ್ಕೆ 12,500, ಜೀವಮಾನಕ್ಕೆ ಒಟ್ಟು 57,500 ಡಾಲರ್. ಮೊದಲ ಡಿಗ್ರಿಗೆ ಅಮೆರಿಕದಲ್ಲೇ ಸಾಲ ಮಾಡಿದ್ದರೆ ಅದೂ ಇದರಲ್ಲಿ ಕಳೆಯುತ್ತದೆ. ಬಡ ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಗ್ರ್ಯಾಂಟ್ ಒಂದು ಬ್ಯಾಚುಲರ್ಸ್ ಆಗಲೇ ಇರುವವರಿಗೆ ಇಲ್ಲ.

ಬಡ್ಡಿಯಲ್ಲೂ ವ್ಯತ್ಯಾಸ ಇದೆ. 2025–26ರ ಶೈಕ್ಷಣಿಕ ವರ್ಷಕ್ಕೆ ಬ್ಯಾಚುಲರ್ಸ್ ಸಾಲಕ್ಕೆ ಶೇ 6.39, ಮಾಸ್ಟರ್ಸ್ ಸಾಲಕ್ಕೆ ಶೇ 7.94. ಕೈಯಲ್ಲಿ ಇಟ್ಟುಕೊಳ್ಳಲು ಒಂದು ಸುಲಭ ಸೂತ್ರ: ಶೇ 7.94ರಂತೆ ಹತ್ತು ವರ್ಷಕ್ಕೆ ತೀರಿಸುವುದಾದರೆ ಪ್ರತಿ 10,000 ಡಾಲರ್ ಸಾಲಕ್ಕೆ ತಿಂಗಳ ಕಂತು ಸುಮಾರು 121 ಡಾಲರ್. 40,000ಕ್ಕೆ 484. 80,000ಕ್ಕೆ 968, ಅದು ಎಷ್ಟೋ ಊರುಗಳಲ್ಲಿ ಅರ್ಧ ಮನೆಬಾಡಿಗೆ.

ಕೆಲವು ಡೈರೆಕ್ಟ್ ಎಂಟ್ರಿ ಕೋರ್ಸುಗಳು ಮೊದಲ ಹಂತದಲ್ಲಿ ವಿದ್ಯಾರ್ಥಿಯನ್ನು ಬ್ಯಾಚುಲರ್ಸ್ ಮಟ್ಟದವರೆಂದು, ಆಮೇಲೆ ಮಾಸ್ಟರ್ಸ್ ಮಟ್ಟದವರೆಂದು ಲೆಕ್ಕ ಹಾಕುತ್ತವೆ. ಆಗ ಮೊದಲ ವರ್ಷದ ಸಾಲ ಇನ್ನೂ ಕಮ್ಮಿ. ‘ಮೊದಲ ಸೆಮಿಸ್ಟರಿನಿಂದಲೇ ನನ್ನನ್ನು ಯಾವ ಮಟ್ಟದಲ್ಲಿ ಎಣಿಸುತ್ತೀರಿ?’ ಎಂದು ಫೈನಾನ್ಷಿಯಲ್ ಏಡ್ ಕಚೇರಿಗೆ ಕೇಳಿದರೆ ಒಂದೇ ಸಾಲಿನಲ್ಲಿ ಉತ್ತರ ಸಿಗುತ್ತದೆ.

ಎಚ್-4ನಲ್ಲಿ ಇರುವವರ ಲೆಕ್ಕ ಬೇರೆ

ಮೇಲಿನ ಸರ್ಕಾರಿ ಸಾಲವೆಲ್ಲ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವು ವರ್ಗದವರಿಗೆ ಮಾತ್ರ. ಎಚ್-1ಬಿ ಉದ್ಯೋಗಿಯ ಸಂಗಾತಿಯಾಗಿ ಎಚ್-4ನಲ್ಲಿ ಇರುವವರಿಗೆ ಇಲ್ಲ. ಅವರು ಪೂರ್ಣಾವಧಿ ಓದಬಹುದು, ಅದಕ್ಕೆ ಬೇರೆ ವೀಸಾ ಬೇಕಿಲ್ಲ. ಹಲವು ರಾಜ್ಯಗಳಲ್ಲಿ ಸಾಮಾನ್ಯವಾಗಿ ಒಂದು ವರ್ಷ ವಾಸವಿದ್ದರೆ ಸ್ಥಳೀಯರ ಫೀಸೂ ಸಿಗುತ್ತದೆ. ಹಾಗಾಗಿ ಅವರಿಗೆ ಸರ್ಕಾರಿ ಕಾಲೇಜು ಮತ್ತು ಖಾಸಗಿ ಕಾಲೇಜಿನ ನಡುವಿನ ಅಂತರವೇ ಎಲ್ಲಕ್ಕಿಂತ ಮುಖ್ಯ.

ಓದುವುದು ಒಂದು, ಕೆಲಸ ಇನ್ನೊಂದು. ಎಚ್-4ನವರು ದುಡಿಯಬೇಕಾದರೆ ಇಎಡಿ, ಅಂದರೆ ಕೆಲಸದ ಪರವಾನಗಿ ಬೇಕು. 2015ರಿಂದ, ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಉದ್ಯೋಗದಾತರು ಹಾಕುವ ಐ-140 ಎಂಬ ಅರ್ಜಿ ಒಪ್ಪಿಗೆಯಾಗಿದ್ದರೆ ಅದಕ್ಕೆ ಅರ್ಜಿ ಹಾಕಬಹುದು. ಅದಿಲ್ಲದೆ ಕೋರ್ಸು ಮುಗಿಸಿದರೆ ಲೈಸೆನ್ಸ್ ಗೋಡೆಗೆ ತೂಗಿಹಾಕಿ ಕೂರಬೇಕಾಗುತ್ತದೆ. ಲೈಸೆನ್ಸ್ ಪಡೆಯಲೂ ಕೆಲವು ರಾಜ್ಯಗಳು ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತವೆ. ಇಎಡಿ ಇಲ್ಲದ ಎಚ್-4ನವರಿಗೆ ಆ ನಂಬರ್ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾ ಅದರ ಬದಲು ತೆರಿಗೆ ಗುರುತಿನ ಸಂಖ್ಯೆಯನ್ನೂ ಒಪ್ಪುತ್ತದೆ.

‘ನರ್ಸ್ ಆದರೆ ನನಗೇ ಎಚ್-1ಬಿ ಸಿಗುತ್ತಲ್ವಾ?’ ಅಂತ ಕೆಲವರು ಕೇಳುತ್ತಾರೆ. ಸಾಮಾನ್ಯ ಆರ್‌ಎನ್ ಕೆಲಸಕ್ಕೆ ಕಷ್ಟ. ಎಚ್-1ಬಿಗೆ ಆ ಕೆಲಸಕ್ಕೆ ಕನಿಷ್ಠ ಬ್ಯಾಚುಲರ್ಸ್ ಕಡ್ಡಾಯ ಇರಬೇಕು. ಆರ್‌ಎನ್ ಆಗಲು ಎಡಿಎನ್ ಇದ್ದರೂ ಸಾಕು, ತೊಡಕು ಅಲ್ಲೇ. ನಿಮ್ಮ ಹತ್ತಿರ ಮಾಸ್ಟರ್ಸ್ ಇದ್ದರೂ ಅಷ್ಟೇ, ಅವರು ನೋಡುವುದು ಕೆಲಸವನ್ನು. ಎನ್‌ಪಿ ಕೆಲಸಕ್ಕೆ ಈ ತೊಡಕು ಕಮ್ಮಿ. ಗ್ರೀನ್ ಕಾರ್ಡ್ ವಿಷಯದಲ್ಲಿ ನರ್ಸ್‌ಗಳಿಗೆ ಶೆಡ್ಯೂಲ್ ಎ ಎಂಬ ವಿನಾಯಿತಿ ಇದೆ. ‘ಸ್ಥಳೀಯರು ಸಿಗಲಿಲ್ಲ’ ಎಂದು ಉದ್ಯೋಗದಾತರು ಸಾಬೀತುಪಡಿಸುವ ಉದ್ದದ ಹಂತ ತಪ್ಪುತ್ತದೆ. ಆದರೆ ಭಾರತದಲ್ಲಿ ಹುಟ್ಟಿದವರ ಸಾಲು ಮಾತ್ರ ಎಲ್ಲರಿಗೂ ಒಂದೇ, ನರ್ಸ್ ಆದರೂ ಅದೇ ಕ್ಯೂ.

ಬೇರೆಯವರ ದುಡ್ಡು

ಸಾಲಕ್ಕೆ ಕೈ ಹಾಕುವ ಮುಂಚೆ ನೋಡಬೇಕಾದ ಒಂದೆರಡು ಕಡೆ ಇವೆ. ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ನರ್ಸ್ ಕೋರ್ ಎಂಬ ಕೇಂದ್ರ ಯೋಜನೆ ಇದೆ. ಅದರ ಸ್ಕಾಲರ್‌ಶಿಪ್ ಸಿಕ್ಕಿದರೆ ಫೀಸಿನ ಜೊತೆ ತಿಂಗಳ ಖರ್ಚಿಗೂ ದುಡ್ಡು ಬರುತ್ತದೆ. ಬದಲಿಗೆ ನರ್ಸ್‌ಗಳ ಕೊರತೆ ಇರುವ ಆಸ್ಪತ್ರೆಯಲ್ಲಿ ಕನಿಷ್ಠ ಎರಡು ವರ್ಷ ಕೆಲಸ ಮಾಡಬೇಕು. ಓದಿದ ಮೇಲೆ ಸೇರುವವರಿಗೆ ಇದೇ ಯೋಜನೆಯ ಇನ್ನೊಂದು ರೂಪ ಎರಡು ವರ್ಷದ ಸೇವೆಗೆ ಸಾಲದ ಶೇ 60ರಷ್ಟು ತೀರಿಸುತ್ತದೆ, ಮೂರನೇ ವರ್ಷಕ್ಕೆ ಮತ್ತೆ ಶೇ 25. ಪೈಪೋಟಿ ಜೋರಾಗಿದೆ, ಸಿಕ್ಕೇ ಸಿಗುತ್ತದೆ ಅಂತ ಬಜೆಟ್ ಹಾಕಬೇಡಿ.

ಪಿಎಸ್‌ಎಲ್‌ಎಫ್ ಎಂಬ ಸಾಲ ಮನ್ನಾ ಯೋಜನೆ ಇನ್ನೊಂದು. ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ದುಡಿಯುತ್ತ 120 ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ. ಅಮೆರಿಕದ ಆಸ್ಪತ್ರೆಗಳಲ್ಲಿ ಬಹಳಷ್ಟು ಲಾಭರಹಿತವೇ. ಆದರೆ ಇದು ಕೇಂದ್ರ ಸರ್ಕಾರದ ಸಾಲಕ್ಕೆ ಮಾತ್ರ. ಗ್ರ್ಯಾಡ್ ಪ್ಲಸ್ ಜಾಗದಲ್ಲಿ ಖಾಸಗಿ ಬ್ಯಾಂಕಿನ ಸಾಲ ಎತ್ತಿದವರಿಗೆ ಆ 44,000ಕ್ಕೆ ಮನ್ನಾ ಇಲ್ಲ. ಹೊಸ ನಿಯಮದ ಬಿಸಿ ತಟ್ಟುವುದು ಇಲ್ಲೂ ಇದೆ.

ಆಸ್ಪತ್ರೆಗಳು ನೌಕರರ ಓದಿಗೆ ವರ್ಷಕ್ಕೆ 5,250 ಡಾಲರ್‌ವರೆಗೆ ಕೊಟ್ಟರೆ ಅದಕ್ಕೆ ತೆರಿಗೆ ಇಲ್ಲ. ಹೀಗಾಗಿ ಹಲವು ಆಸ್ಪತ್ರೆಗಳ ನೆರವು ಸರಿಯಾಗಿ ಅಷ್ಟಕ್ಕೇ ನಿಲ್ಲುತ್ತದೆ. ಎಬಿಎಸ್‌ಎನ್ ಮಾಡಿ ಕೆಲಸಕ್ಕೆ ಸೇರಿ, ಈ ದುಡ್ಡಿನಲ್ಲಿ ನಿಧಾನವಾಗಿ ಮಾಸ್ಟರ್ಸ್ ಮಾಡುವವರು ತುಂಬಾ ಜನ.

ಕಾಲೇಜಿನ ಬಾಗಿಲಲ್ಲಿ ನಿಂತು

ಮಾನ್ಯತೆ ಮೊದಲು. ನರ್ಸಿಂಗ್ ಕೋರ್ಸುಗಳಿಗೆ ಸಿಸಿಎನ್‌ಇ, ಎಸಿಇಎನ್‌ನಂಥ ಮಾನ್ಯತೆ ಕೊಡುವ ಸಂಸ್ಥೆಯ ಒಪ್ಪಿಗೆ ಇರಬೇಕು, ಜೊತೆಗೆ ರಾಜ್ಯದ ಬೋರ್ಡಿನ ಒಪ್ಪಿಗೆ. ಇದು ಬರೀ ಔಪಚಾರಿಕತೆ ಅಲ್ಲ. 2023ರ ಜನವರಿಯಲ್ಲಿ ಫ್ಲಾರಿಡಾದ ಕೆಲವು ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾ ಮಾರಾಟವಾದ ಜಾಲ ಬಯಲಾಯಿತು, 25 ಜನರ ಮೇಲೆ ಆರೋಪ ಹೊರಿಸಲಾಯಿತು. ‘ಕ್ಲಾಸಿಗೆ ಬರಬೇಕಿಲ್ಲ’ ಅನ್ನುವ ಯಾವುದೇ ನರ್ಸಿಂಗ್ ಕೋರ್ಸಿನಿಂದ ದೂರ ಇರಿ.

ಎನ್‌ಕ್ಲೆಕ್ಸ್‌ನಲ್ಲಿ ಮೊದಲ ಸಲಕ್ಕೇ ಪಾಸಾದವರ ಪ್ರಮಾಣವನ್ನು ಹಲವು ರಾಜ್ಯಗಳ ಬೋರ್ಡುಗಳು ಕಾಲೇಜುವಾರು ಪ್ರಕಟಿಸುತ್ತವೆ. 2023ರಲ್ಲಿ ಅಮೆರಿಕದಲ್ಲೇ ಓದಿದವರ ಒಟ್ಟಾರೆ ಪ್ರಮಾಣ ಶೇ 88ರಿಂದ 89ರ ನಡುವೆ ಇತ್ತು. ಒಂದು ಕಾಲೇಜು ವರ್ಷದಿಂದ ವರ್ಷಕ್ಕೆ ಇದಕ್ಕಿಂತ ತುಂಬಾ ಕೆಳಗಿದ್ದರೆ ಅನುಮಾನಿಸಬೇಕು. ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು ಅನ್ನುವುದನ್ನೂ ಕೇಳಿ. ದಡ್ಡರನ್ನು ಮಧ್ಯದಲ್ಲೇ ಕಳಿಸಿಬಿಟ್ಟರೆ ಪಾಸಾದವರ ಪ್ರಮಾಣ ತಾನಾಗೇ ಏರುತ್ತದೆ, ನಮ್ಮ ಕೆಲವು ಹೈಸ್ಕೂಲುಗಳು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮಾಡುವ ಹಾಗೆ.

ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತೀರಿ ಅನ್ನುವುದನ್ನೂ ಯೋಚಿಸಿ. 40ಕ್ಕೂ ಹೆಚ್ಚು ರಾಜ್ಯಗಳು ಮತ್ತು ಪ್ರದೇಶಗಳು ಒಂದು ಒಪ್ಪಂದ ಮಾಡಿಕೊಂಡಿವೆ, ಒಂದರ ಲೈಸೆನ್ಸ್ ಉಳಿದವುಗಳಲ್ಲೂ ನಡೆಯುತ್ತದೆ. ಕನ್ನಡಿಗರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾ ಅದರಲ್ಲಿ ಇಲ್ಲ, ನ್ಯೂಯಾರ್ಕ್ ಕೂಡ ಇಲ್ಲ.

ಕೊನೆಯದಾಗಿ ಕ್ಲಿನಿಕಲ್ಸ್, ಅಂದರೆ ಆಸ್ಪತ್ರೆಯಲ್ಲಿ ನಿಂತು ಕಲಿಯುವ ಗಂಟೆಗಳು. ಆಸ್ಪತ್ರೆಯನ್ನು ಕಾಲೇಜೇ ಹುಡುಕಿಕೊಡುತ್ತದೋ, ನೀವೇ ಹುಡುಕಬೇಕೋ? ಎಷ್ಟು ದೂರ? ವಾರಕ್ಕೆ ಎಷ್ಟು ದಿನ? ಆಸ್ಪತ್ರೆಯ ಹಗಲಿನ ಶಿಫ್ಟ್ ಸಾಮಾನ್ಯವಾಗಿ ಬೆಳಗ್ಗೆ ಏಳಕ್ಕೆ ಶುರು. ರಾತ್ರಿ ಪಾಳಿಯ ನರ್ಸ್ ಹೇಳುವುದನ್ನು ಕೇಳಿಸಿಕೊಳ್ಳಲು ಕಾಲು ಗಂಟೆ ಮುಂಚೆ ಅಲ್ಲಿರಬೇಕು. ಗೆಳತಿಯ ಪಟ್ಟಿಯಲ್ಲಿ ಈಗ ಮೂರು ಕಾಲೇಜು ಉಳಿದಿವೆ: ಎರಡು ಎಬಿಎಸ್‌ಎನ್, ಒಂದು ಸರ್ಕಾರಿ ಮಾಸ್ಟರ್ಸ್. ಕಳೆದ ಮಂಗಳವಾರ ಅವಳು ಬೆಳಗ್ಗೆ ಐದೂವರೆಗೆ ಎದ್ದು, ಆ ಮೂರೂ ಕಾಲೇಜುಗಳು ಹೇಳಿದ ಆಸ್ಪತ್ರೆಗಳಲ್ಲಿ ದೂರದ್ದು ಯಾವುದೋ ಅಲ್ಲಿಗೆ ಕಾರು ಓಡಿಸಿಕೊಂಡು ಹೋಗಿದ್ದಳಂತೆ. ಪಾರ್ಕಿಂಗ್ ಸೇರಿ ಐವತ್ತೆರಡು ನಿಮಿಷ. ವಾಪಸ್ ಬಂದು ಎಕ್ಸೆಲ್ ಶೀಟಿಗೆ ಒಂದು ಕಾಲಂ ಸೇರಿಸಿದಳು: ‘ಮಗನನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವವರು ಯಾರು?’